ಇವರನ್ನ ಕೇಳಿ ಹೇಳ್ತೀನಿ

ಸೀಟು ಹಿಂದಕ್ಕೆ ಸರಿಯಲಿಲ್ಲ. ಕೆಳಗಿನ ಹಿಡಿಯನ್ನು ಎಳೆದು ಹಿಡಿದು, ಕಾಲೂರಿ, ಬೆನ್ನಿನಿಂದ ಒತ್ತಿ ನೋಡಿದ. ಜಪ್ಪಯ್ಯ ಅಂದರೂ ಅಲುಗಲಿಲ್ಲ. ಇದೇನು ಗೊತ್ತಿರದ ವಿಷಯವಲ್ಲ. ಹೋದ ಭಾನುವಾರ ಗಾಡಿ ನೋಡಲು ಬಂದಾಗಲೇ ಗೊತ್ತಾಗಿತ್ತು. ಬೆಲೆ ಇಳಿಸಲು ಇನ್ನೊಂದು ನೆಪ ಸಿಕ್ಕಿತಲ್ಲ ಎಂದು ಒಳಗೊಳಗೇ ಖುಷಿಯೂ ಆಗಿತ್ತು. ಇವತ್ತು ದುಡ್ಡು ಕೊಟ್ಟು, ಕೀಲಿ ಇಸಿದುಕೊಂಡು, ತನ್ನದೇ ಗಾಡಿಯೆಂದು ಕೂತಾಗ ಮಾತ್ರ ಮಂಡಿಗಳು ಸ್ಟೀರಿಂಗಿನ ಎರಡೂ ಪಕ್ಕಕ್ಕೆ ಎದ್ದು ನಿಂತು, ಬೇರೊಬ್ಬನ ಅಂಗಿ ತೊಟ್ಟುಕೊಂಡಂತೆ ಮೈಯೆಲ್ಲ ಬಿಗಿಯಾಯಿತು. ಮಾರಿದಾಕೆ ಕಿಟಕಿಯ ಪಕ್ಕದಲ್ಲೇ ನಿಂತಿದ್ದಳು. ಐವತ್ತು ದಾಟಿದ, ತೆಳ್ಳನೆಯ, ಮಾತಿಗೆ ಮುಂಚೆ ಒಂದು ಕ್ಷಣ ತಡೆಯುವ ಹೆಂಗಸು. ಹೋದ ವಾರ ಅಷ್ಟು ಮಾತಾಡಿದ್ದವಳು ಇವತ್ತು ಬಾಗಿಲು ತೆಗೆದಾಗಿನಿಂದ ಹೂಂ ಊಹೂಂ ಬಿಟ್ಟರೆ ಬಾಯಿ ಬಿಟ್ಟಿರಲಿಲ್ಲ.

"ಎಡಗಡೆ ಬಾಗಿಲನ್ನ ಜೋರಾಗಿ ಹಾಕಬೇಡಿ," ಅಂದಳು ಈಗ. "ಸ್ವಲ್ಪ ಮೇಲಕ್ಕೆತ್ತಿ ಹಾಕಿದ್ರೆ ತಾನಾಗಿ ಕೂರುತ್ತೆ. ಅವರು ಹಾಗೇ ಹಾಕ್ತಿದ್ದದ್ದು."

"ಆಯ್ತಮ್ಮ. ಯಜಮಾನ್ರಿಗೂ ಹೇಳಿಬಿಡಿ, ಹೊರಟೆ ಅಂತ."

ಆಕೆ ಅವನ ಮುಖವನ್ನೇ ನೋಡಿದಳು. ಸಿಟ್ಟಿನ ನೋಟವಲ್ಲ, ಹೊಸ ಕನ್ನಡಕ ಹಾಕಿಕೊಂಡು ದೂರದ ಅಕ್ಷರ ಓದಲು ಹೊರಟವರ ನೋಟ ಅದು, ಅವನು ಕೆಲಸ ಮಾಡುವ ಕನ್ನಡಕದ ಅಂಗಡಿಯಲ್ಲಿ ದಿನಾ ಕಾಣುವಂಥದ್ದು. ಆಮೇಲೆ ಮೆಟ್ಟಿಲ ಕಡೆ ತಿರುಗಿದಳು. ವ್ಯಾಪಾರದಲ್ಲಿ ಸೋತ ಮನೆಯಲ್ಲಿ ಇದೆಲ್ಲ ಇದ್ದದ್ದೇ ಎಂದುಕೊಂಡು ಅವನು ಗಾಡಿ ಸ್ಟಾರ್ಟ್ ಮಾಡಿದ.

ಅವನಿಗೆ ಕಾರಿನ ಶೋಕಿಯೇನೂ ಇರಲಿಲ್ಲ. ಹೆಂಡತಿ ಆಸ್ಪತ್ರೆಯೊಂದರಲ್ಲಿ ರಕ್ತ ಪರೀಕ್ಷೆ ಮಾಡುವ ಕೆಲಸದಲ್ಲಿದ್ದಳು. ಬಸ್ಸಿನ ಮೆಟ್ಟಿಲಿನಿಂದ ಬಿದ್ದು ಸೊಂಟದ ಮೂಳೆ ಮುರಿದು, ತಿಂಗಳುಗಟ್ಟಲೆ ಮಲಗಿ, ಈಗ ಕೋಲೂರಿಕೊಂಡು ನಡೆಯುವಷ್ಟಾಗಿದ್ದಳು. ರಜೆ ಇವತ್ತಿಗೆ ಮುಗಿಯುತ್ತದೆ. ಸೋಮವಾರ ಬರದಿದ್ದರೆ ಬೇರೆಯವರನ್ನು ನೋಡಿಕೊಳ್ಳುತ್ತೇವೆ ಎಂದು ಮೇಲಿನವರು ಖಡಾಖಂಡಿತ ಹೇಳಿಬಿಟ್ಟಿದ್ದರು. ಬಸ್ಸು ಎಂದರೆ ಸಾಕು, ಅವಳ ಕೈ ತಣ್ಣಗಾಗುತ್ತಿತ್ತು. ದಿನಾ ಬಾಡಿಗೆ ಗಾಡಿಯೆಂದರೆ ಸಂಬಳ ಅದಕ್ಕೇ ಸರಿ. ಮನೆ ನಡೆಯುತ್ತಿದ್ದದ್ದು ಅವಳ ಸಂಬಳದಲ್ಲಿ. ಕನ್ನಡಕದ ಅಂಗಡಿಯ ಪರದೆಯ ಹಿಂದೆ ಕೂತು ಗಾಜು ಉಜ್ಜಿ ಚೌಕಟ್ಟಿಗೆ ಕೂರಿಸುವವನಿಗೆ ಸಿಗುವುದು ಎಷ್ಟೆಂದು ಅವಳ ತವರಿನವರಿಗೆಲ್ಲ ಗೊತ್ತಿತ್ತು, ಗೊತ್ತಿದ್ದೂ ಯಾರೂ ಆಡುತ್ತಿರಲಿಲ್ಲ. ಆಡದೇ ಇರುವುದನ್ನು ಸಹಿಸುವುದೇ ಅವನಿಗೆ ಕಷ್ಟ. ಆದ್ದರಿಂದ ಗಿರಾಕಿಯೊಬ್ಬರು ತಮ್ಮ ಬೀದಿಯಲ್ಲಿ ಒಂದು ಹಳೇ ಗಾಡಿ ಸುಮ್ಮನೆ ನಿಂತಿದೆ ಎಂದಾಗ, ಕೈಯಲ್ಲಿರುವಷ್ಟರಲ್ಲೇ ಮುಗಿಸಿ ತೋರಿಸುತ್ತೇನೆ ಎಂದು ಹೆಂಡತಿಯ ಮುಂದೆ ಎದೆ ಉಬ್ಬಿಸಿ ಹೋದ ಭಾನುವಾರ ಇಲ್ಲಿಗೆ ಬಂದಿದ್ದ. ಗಾಡಿಯ ಬಗ್ಗೆ ತನಗೆ ಗೊತ್ತಿರುವುದು ಅಷ್ಟಕ್ಕಷ್ಟೇ ಎಂಬುದು ಮಾರುವಾಕೆಗೆ ತಿಳಿಯದಿರಲೆಂದು ಸುತ್ತ ಒಂದು ಪ್ರದಕ್ಷಿಣೆ ಹಾಕಿ, ನೆಲದ ಚಾಪೆ ಎತ್ತಿ, ಅಲ್ಲಿ ತುಕ್ಕಿಲ್ಲದಿದ್ದರೂ ತ್ಚು ತ್ಚು ಎಂದಿದ್ದ. ಬಾನೆಟ್ ತೆಗೆದು ಒಳಗೆ ನೋಡಿ ಅಲ್ಲೂ ತ್ಚು ತ್ಚು. ಆಕೆ ಪ್ರತಿ ತ್ಚುವಿಗೂ ಸಣ್ಣಗಾಗುತ್ತಿದ್ದಳು. ಮೇಲೆ ಕರೆದುಕೊಂಡು ಹೋಗಿ ಟೀ ಕೊಟ್ಟಳು. ಗಾಡಿ ನನ್ನ ಹೆಸರಲ್ಲೇ ಇದೆ, ಇವರು ನನ್ನ ಹೆಸರಿಗೇ ತಗೊಂಡಿದ್ರು ಅಂದಳು. ಇವರಿಗೆ ಇದರ ಮೇಲೆ ಬಹಳ ಆಸೆ, ಇವರು ಯಾರ ಕೈಗೂ ಕೊಟ್ಟವರಲ್ಲ ಅಂದಳು. ಅವನು ತನ್ನ ಬೆಲೆ ಹೇಳಿದ. ಆಕೆ ಲೋಟ ಕೆಳಗಿಟ್ಟು ಎದ್ದಳು.

"ಇವರನ್ನ ಕೇಳಿ ಹೇಳ್ತೀನಿ."

ಒಳಗಿನ ಕೋಣೆಯ ಬಾಗಿಲು ಅರ್ಧ ಮುಚ್ಚಿತ್ತು. ಅಲ್ಲಿಂದ ಆಕೆಯ ಪಿಸುದನಿ ಕೇಳಿಸುತ್ತಿತ್ತು. ನಡುವೆ ಮೌನ, ಮತ್ತೆ ಪಿಸುದನಿ. ಹೊರಗೆ ಬಂದು, ಇವರು ಇಷ್ಟು ಕಮ್ಮಿಗೆ ಒಪ್ಪಲ್ಲ, ಸ್ವಲ್ಪ ನೋಡಿ ಹೇಳಿ ಅಂದಳು. ಅವನು ಚೂರೇ ಚೂರು ಏರಿಸಿದ. ಆಕೆ ಮತ್ತೆ ಒಳಗೆ ಹೋದಳು. ಅವನಿಗೆ ನಗು ಬಂತು. ಈ ಆಟ ಅವನಿಗೆ ಹೊಸದೇ? ಅಂಗಡಿಯಲ್ಲಿ ಗಿರಾಕಿ ಚೌಕಾಸಿಗಿಳಿದರೆ ಮಾಲೀಕ, ತಡೀರಿ ಸಾರ್, ನಮ್ಮ ದೊಡ್ಡವರನ್ನ ಕೇಳ್ತೀನಿ ಎಂದು ಪರದೆಯ ಹಿಂದೆ ಬರುತ್ತಾನೆ. ಪರದೆಯ ಹಿಂದೆ ಯಾವ ದೊಡ್ಡವರೂ ಇಲ್ಲ. ಗಾಜು ಉಜ್ಜುವ ಯಂತ್ರ, ಅದರ ಮುಂದೆ ಅವನು. ಮಾಲೀಕ ಅವನತ್ತ ಕಣ್ಣು ಮಿಟುಕಿಸಿ, ಸ್ವಲ್ಪ ಹೊತ್ತು ನಿಂತು, ಮುಖ ಸಪ್ಪಗೆ ಮಾಡಿಕೊಂಡು ಹೊರಗೆ ಹೋಗುತ್ತಾನೆ: ದೊಡ್ಡವರು ಒಪ್ಪಲ್ಲ ಸಾರ್. ಎಷ್ಟೋ ವರ್ಷಗಳಿಂದ ಬಾಯಿ ಬಿಡದೆ ಆ ದೊಡ್ಡವರ ಪಾತ್ರ ಮಾಡಿಕೊಂಡು ಬಂದವನು ಅವನು. ಆ ಪಾತ್ರಕ್ಕೆ ಬೇರೆ ಸಂಬಳವೇನೂ ಇರಲಿಲ್ಲ. ಈಗ ಮೊದಲ ಸಲ ಗಿರಾಕಿಯ ಕುರ್ಚಿಯಲ್ಲಿ ಕೂತು, ಅರೆಮುಚ್ಚಿದ ಬಾಗಿಲನ್ನು ನೋಡುತ್ತಿದ್ದಂತೆ ಅವನಿಗೆ ಎಲ್ಲಿಂದಲೋ ಒಂದು ಧೈರ್ಯ ಏರಿಬಂತು. ಲೋಟ ಕೈಯಲ್ಲಿ ಹಿಡಿದೇ ದನಿಯೆತ್ತಿ ಕೂಗಿದ್ದ: "ಯಜಮಾನ್ರೇ! ಹೆಂಗಸರನ್ನ ಮುಂದೆ ಬಿಟ್ಟು ಒಳಗೆ ಮಲಗಿದ್ರೆ ವ್ಯಾಪಾರ ಆಗುತ್ತೇನ್ರೀ? ಎದ್ದು ಬನ್ನಿ ಹೊರಗೆ! ಗಂಡಸಾಗಿ ಒಂದು ಮಾತು ಹೇಳಿ, ಮುಗಿಸಿಬಿಡೋಣ!"

ಒಳಗೆ ಪಿಸುದನಿ ನಿಂತಿತು. ಆಕೆ ಹೊರಗೆ ಬಂದಾಗ ಮುಖ ತೊಳೆದಿದ್ದಳು, ಕಿವಿಯ ಪಕ್ಕದ ಕೂದಲು ಒದ್ದೆಯಿತ್ತು. ಒಪ್ಪಿದ್ರು, ಅಂದಳು. ನೀವು ಹೇಳಿದ್ದಕ್ಕೇ.

ಈಗ ಗಾಡಿ ಗೇಟಿನ ಹತ್ತಿರ ಬಂದಾಗ ಕಟ್ಟಡದ ಕಾವಲುಗಾರ ಎದ್ದು ಬಂದು ಬಾನೆಟ್ಟಿನ ಮೇಲೆ ಕೈಯಿಟ್ಟ. ಮನೆಬಿಟ್ಟು ಹೊರಟ ದನವನ್ನು ಸವರುವಂತೆ ಒಂದು ಸಲ ಸವರಿದ.

"ಅಂತೂ ಹೊರಟಿತು ನೋಡಿ," ಅಂದ. "ಅವರು ಹೋದ ಮೇಲೆ ಗೇಟು ದಾಟಿರಲಿಲ್ಲ ಇದು. ನಾನೇ ಆಗಾಗ ಸ್ಟಾರ್ಟ್ ಮಾಡಿ ಇಡ್ತಿದ್ದೆ, ಬ್ಯಾಟರಿ ಕೂತುಹೋಗಬಾರದು ಅಂತ."

"ಯಾರು ಹೋದ ಮೇಲೆ?"

"ಯಜಮಾನ್ರು."

"ಎಲ್ಲಿಗೆ ಹೋದ್ರು?"

ಕಾವಲುಗಾರ ಬಗ್ಗಿ ಕಿಟಕಿಯಿಂದ ಅವನನ್ನು ನೋಡಿದ. ತಮಾಷೆ ಮಾಡುತ್ತಿಲ್ಲ ಎಂದು ಖಾತ್ರಿಯಾದ ಮೇಲೆ ಮೆಲ್ಲಗೆ, "ಎಲ್ಲಿಗೆ ಅಂತೀರಲ್ಲ ಸಾರ್. ಎಲ್ಲರೂ ಹೋಗೋ ಕಡೆಗೇ. ಹೋದ ವರ್ಷವೇ ಹೋದ್ರಲ್ಲ, ಒಳಗಿನ ಕೋಣೇಲಿ ಮಲಗಿದ್ದ ಹಾಗೇ," ಅಂದ.

ಅವನು ನಕ್ಕುಬಿಟ್ಟ. ಯಾಕೆ ನಕ್ಕನೋ ಅವನಿಗೇ ತಿಳಿಯಲಿಲ್ಲ. ಬಾಯಿ ತನ್ನಷ್ಟಕ್ಕೆ ತೆರೆದುಕೊಂಡು ನಗುವಿನಂಥದೊಂದು ಸದ್ದು ಹೊರಬಿತ್ತು. ಕಾವಲುಗಾರ ಬಾನೆಟ್ಟಿನಿಂದ ಕೈ ತೆಗೆದು ಹಿಂದೆ ಸರಿದ. ಗಾಡಿ ರಸ್ತೆಗಿಳಿಯಿತು.

ಮೊದಲು ಸಿಟ್ಟು ಬಂದದ್ದು ಆಕೆಯ ಮೇಲೆ. ಇವರು ಅಂದರೆ ಏನರ್ಥ? ಪಕ್ಕದಲ್ಲಿರುವವರನ್ನು, ಕೈ ಚಾಚಿದರೆ ಸಿಗುವವರನ್ನು ಇವರು ಅನ್ನುತ್ತಾರೆ. ಸತ್ತು ವರ್ಷವಾದವನನ್ನು ಯಾರಾದರೂ ಇವರು ಅನ್ನುತ್ತಾರೆಯೇ? ಅವರು ಅಂದಿದ್ದರೆ, ಒಂದೇ ಒಂದು ಸಲ ಅವರು ಅಂದುಬಿಟ್ಟಿದ್ದರೆ, ತಾನು ಲೋಟ ಕೆಳಗಿಟ್ಟು, ಅಯ್ಯೋ ಪಾಪ ಎಂದು, ನಾಲ್ಕು ಒಳ್ಳೆಯ ಮಾತಾಡಿ ಎದ್ದು ಬರುತ್ತಿದ್ದೆ. ನಿಜವಾಗಿಯೂ ಬರುತ್ತಿದ್ದೆನೇ? ಸತ್ತವರ ಗಾಡಿ ಎಂದು ಇನ್ನಷ್ಟು ಇಳಿಸುತ್ತಿರಲಿಲ್ಲವೇ? ಸಿಗ್ನಲ್ಲಿನಲ್ಲಿ ನಿಂತು ಕನ್ನಡಿಯತ್ತ ಕಣ್ಣೆತ್ತಿದ. ಕನ್ನಡಿಯಲ್ಲಿ ಹಿಂದಿನ ರಸ್ತೆಯಿರಲಿಲ್ಲ. ಖಾಲಿ ಹಿಂಬದಿ ಸೀಟಿತ್ತು, ಬಟ್ಟೆಯ ಒಂದು ಕಡೆ ಬಣ್ಣ ಹೋಗಿತ್ತು. ಸರಿಮಾಡಿದ. ಗಾಡಿ ಚಲಿಸಿದ ಕೂಡಲೇ ಕನ್ನಡಿ ಮೆಲ್ಲಗೆ ಇಳಿದು ತನ್ನ ಹಳೆಯ ಜಾಗಕ್ಕೇ ಬಂದು ಕೂತಿತು. ಇಡೀ ದಿನ ಜನರ ಕಣ್ಣುಗಳ ನಡುವಿನ ಅಂತರ, ಮೂಗಿನ ಎತ್ತರ, ಕಿವಿಯ ಏರುಪೇರು ಅಳೆಯುವವನಿಗೆ ಇಷ್ಟು ಸಾಕಾಗಿತ್ತು. ಈ ಕನ್ನಡಿಗೆ ಸರಿಹೊಂದುವ ಕಣ್ಣು ತನ್ನ ಗಲ್ಲದ ಮಟ್ಟದಲ್ಲಿರಬೇಕು. ಕುಳ್ಳನೆಯ ಮನುಷ್ಯ, ತಲೆಯನ್ನು ಎಡಕ್ಕೆ, ಹೆಂಡತಿ ಕೂರುವ ಕಡೆಗೆ ಕೊಂಚ ವಾಲಿಸುತ್ತಿದ್ದವನು. ಗೇರಿನ ಹಿಡಿಯಲ್ಲಿ ಅವನ ಅಂಗೈ ಸವೆಸಿದ ತಗ್ಗಿತ್ತು, ತನ್ನ ಅಂಗೈ ಹೋಗಿ ಆ ತಗ್ಗಿನಲ್ಲೇ ಕೂತಿತು. ಕೈ ತೆಗೆಯೋಣವೆಂದರೆ ಗೇರು ಬದಲಿಸಬೇಕು. ಬಾಗಿಲ ಮೇಲೆ ಮೊಣಕೈ ಊರುವ ಜಾಗ ನುಣುಪಾಗಿತ್ತು. ಹೀಗೆ ಒಂದೊಂದೇ ಅಳತೆ ಕೂಡಿಸುತ್ತ ಹೋದಂತೆ ಮನುಷ್ಯ ಪೂರ್ತಿಯಾಗುತ್ತ ಬಂದ. ಎದ್ದು ಬನ್ನಿ ಹೊರಗೆ ಎಂದು ಸತ್ತವನನ್ನು ಕೂಗಿ ಕರೆದಿದ್ದೆನಲ್ಲ, ಎಂದು ನೆನಪಾಯಿತು. ಕರೆದದ್ದಕ್ಕೆ ಬಂದಿದ್ದಾನೆ. ಹೋದ ವಾರ ಇವರು, ಇವತ್ತು ಅವರು: ಅವರು ಹಾಗೇ ಹಾಕ್ತಿದ್ದದ್ದು ಎಂದಳಲ್ಲ ಈಗ ತಾನೇ. ಒಂದು ವಾರದಲ್ಲಿ ಇವರು ಅವರಾಗುವಂಥದ್ದು ಏನಾಯಿತು? ಹಿಂದಿನ ಗಾಡಿಯವನು ಹಾರ್ನ್ ಹೊಡೆದು ಬೈದುಕೊಂಡು ಮುಂದೆ ಹೋದ.

ಮನೆಯ ಮುಂದೆ ಹೆಂಡತಿ ಕೋಲೂರಿಕೊಂಡು ಆಗಲೇ ನಿಂತಿದ್ದಳು. "ಬಂತಾ ನಮ್ಮ ಸವಾರಿ!" ಎಂದು ಕೂಗಿ, ಗಾಡಿಯನ್ನು ಒಂದು ಸುತ್ತು ಬಂದು, ಪಕ್ಕದ ಮನೆಯವರಿಗೂ ತೋರಿಸಿದಳು. ಅವಳು ನಕ್ಕು ಎಷ್ಟು ದಿನವಾಗಿತ್ತು. ಒಳಗೆ ಹೋಗಿ ಅಕ್ಕನಿಗೆ ಫೋನ್ ಹಚ್ಚಿದಳು. ಅವನು ಪಕ್ಕದಲ್ಲೇ ಕುರ್ಚಿಯಲ್ಲಿ ಕೂತು ಬೂಟು ಬಿಚ್ಚುತ್ತಿದ್ದ.

"ಇವರನ್ನ ಏನು ಅಂದ್ಕೊಂಡಿದೀಯಾ ನೀನು? ಅರ್ಧಕ್ಕರ್ಧ ಇಳಿಸಿಬಿಟ್ರು ಕಣೇ. ಆ ಮನೆ ಗಂಡಸು ಹೊರಗೆ ಬರೋಕೇ ಹೆದರಿ ಒಳಗೇ ಅವಿತುಕೊಂಡಿದ್ನಂತೆ! ಇವರು ಒಂದು ಸಲ ಗದರಿಸಿದ್ದಕ್ಕೆ ಉಸಿರೇ ಎತ್ತಲಿಲ್ಲವಂತೆ!"

ಉಸಿರೇ ಎತ್ತಲಿಲ್ಲ ಎಂದು ಹೋದ ಭಾನುವಾರ ಅವನೇ ಅವಳಿಗೆ ಹೇಳಿ ನಗಿಸಿದ್ದ. ಕೈಯಾಡಿಸಿ, ದನಿ ಬದಲಿಸಿ, ಅರೆಮುಚ್ಚಿದ ಬಾಗಿಲನ್ನೂ ಅಭಿನಯಿಸಿ ತೋರಿಸಿದ್ದ. ಅವಳು ಸೊಂಟ ಹಿಡಿದುಕೊಂಡು, ಸಾಕು ಮಾರಾಯ್ರೇ, ನೋವಾಗುತ್ತೆ ನಗಿಸಬೇಡಿ ಅಂದಿದ್ದಳು. ಆ ರಾತ್ರಿ ಬಹಳ ಕಾಲದ ಮೇಲೆ ಅವನಿಗೆ ತಾನು ಮನೆಯ ಯಜಮಾನನೆಂಬ ಭಾವನೆಯಲ್ಲಿ ನಿದ್ದೆ ಬಂದಿತ್ತು. ಈಗ ಫೋನಿನ ಆಚೆ ಅಕ್ಕ ನಗುವುದು ಕೇಳಿಸಿತು.

"ಸಾಕು, ಇಡೇ ಅದನ್ನ," ಅಂದ.

ಅವಳು ಬೆಚ್ಚಿ ನೋಡಿದಳು. ಫೋನಿಟ್ಟು, ಯಾರ ಮೇಲಿನ ಸಿಟ್ಟೋ ನನ್ನ ಮೇಲೆ, ಎಂದು ಗೊಣಗಿಕೊಂಡು ಅಡುಗೆಮನೆಗೆ ಹೋದಳು. ಅವಳಿಗೆ ಎಲ್ಲ ಹೇಳಿಬಿಡಬೇಕು ಎಂದು ಅವನಿಗೆ ಅನಿಸಿತು. ಹೇಳಿದರೆ ಏನಾಗುತ್ತದೆಂದೂ ಗೊತ್ತಿತ್ತು: ಅವಳು ಆ ಗಾಡಿಯಲ್ಲಿ ಕೂರುವುದಿಲ್ಲ. ನಾಳೆ ಸೋಮವಾರ.

ಊಟವಾದ ಮೇಲೆ ಅವಳೇ ರಾಜಿಗೆ ಬಂದು, ಬೆಳಿಗ್ಗೆ ಗಡಿಬಿಡಿಯಾಗುವುದು ಬೇಡ, ಆಸ್ಪತ್ರೆಯ ದಾರಿ ಒಂದು ಸಲ ಹೋಗಿ ನೋಡಿ ಬರೋಣ ಅಂದಳು. ಅವಳನ್ನು ಕೂರಿಸಿ, ಎಡಬಾಗಿಲನ್ನು ಮೇಲಕ್ಕೆತ್ತಿ ಹಾಕಿದ. ಬಾಗಿಲು ಸದ್ದಿಲ್ಲದೆ ಕೂತಿತು. ಅವಳು ಹಿಂದಕ್ಕೊರಗಿ, "ಅಬ್ಬ, ನನಗೇ ಹೇಳಿ ಮಾಡಿಸಿದ ಹಾಗಿದೆ ಈ ಸೀಟು. ಸೊಂಟಕ್ಕೆ ಸರಿಯಾಗಿ ಎಲ್ಲಿ ತಗ್ಗಿರಬೇಕೋ ಅಲ್ಲೇ ತಗ್ಗಿದೆ," ಅಂದಳು. ಆ ತಗ್ಗು ಯಾರದೆಂದು ಅವನು ಹೇಳಲಿಲ್ಲ. ಭಾನುವಾರದ ಮಧ್ಯಾಹ್ನ ಅಂಗಡಿಗಳು ಮುಚ್ಚಿದ್ದವು, ರಸ್ತೆ ಖಾಲಿಯಿತ್ತು. ಕನ್ನಡಿಯನ್ನು ನೋಡದೆ ಓಡಿಸಲು ಪ್ರಯತ್ನಿಸಿದ; ಕನ್ನಡಿಯನ್ನು ನೋಡಬಾರದೆಂದು ಹೊರಟವನಿಗೆ ಕಾಣುವುದು ಕನ್ನಡಿಯೊಂದೇ.

"ಆ ಮನುಷ್ಯ ನೋಡೋಕೆ ಹೇಗಿದ್ದ?" ಅವಳು ಕೇಳಿದಳು.

"ಕುಳ್ಳ. ತಲೆ ಹೀಗೆ ಎಡಕ್ಕೆ ವಾಲಿಸ್ತಾನೆ."

"ಹೊರಗೇ ಬರಲಿಲ್ಲ ಅಂದ್ರಿ?"

ಅವನು ಗೇರು ಬದಲಿಸಿದ. "ಆಮೇಲೆ ಬಂದ."

"ಏನಂದ?"

"ಏನೂ ಅನ್ನಲಿಲ್ಲ. ಸುಮ್ಮನೆ ಕೂತಿದ್ದ."

ಅವಳು ಅವನತ್ತ ತಿರುಗಿ, ಹುಷಾರಿದೀರಾ ತಾನೇ, ಎಂದು ಹಣೆ ಮುಟ್ಟಿ ನೋಡಿದಳು. ಆಸ್ಪತ್ರೆಗೆ ಹೋಗಬೇಕಾದ ತಿರುವು ಬಂದು ದಾಟಿಹೋಯಿತು. ದಾರಿ ತಪ್ಪಿತಲ್ಲ ಎಂದು ಅವಳು ಹೇಳುವ ಹೊತ್ತಿಗೆ ಗಾಡಿ ಆ ಬೀದಿಯಲ್ಲಿತ್ತು, ಆ ಗೇಟಿನ ಮುಂದೆ ನಿಂತಿತ್ತು. ಜಾಕು ಕೊಡೋದು ಮರೆತಿದ್ದಾರೆ, ತಗೊಂಡು ಬರ್ತೀನಿ, ಟೈರ್ ಪಂಕ್ಚರಾದರೆ ಏನು ಗತಿ, ಎಂದು ಬಾಯಿಗೆ ಬಂದದ್ದು ಹೇಳಿ ಇಳಿದ. ಬೇಗ ಬನ್ನಿ, ಕಾಲು ಮಡಚಿ ಬಹಳ ಹೊತ್ತು ಕೂರೋಕಾಗಲ್ಲ ನನಗೆ, ಅಂದಳು.

ಮೆಟ್ಟಿಲು ಹತ್ತುತ್ತ ಹೇಳಬೇಕಾದ್ದನ್ನು ಜೋಡಿಸಿಕೊಂಡ. ಪ್ರತಿ ತಿರುವಿನಲ್ಲೂ ಅದು ಬೇರೆಯಾಯಿತು. ಮೊದಲ ತಿರುವಿನಲ್ಲಿ ಕ್ಷಮೆ ಕೇಳುವವನಿದ್ದ. ಎರಡನೆಯದರಲ್ಲಿ, ಗಾಡಿಯನ್ನೇ ಬಿಟ್ಟುಹೋಗುತ್ತೇನೆ, ದುಡ್ಡು ಕೊಡಿ ಅನ್ನುವುದು ಸರಿಯೆನಿಸಿತು. ಆಮೇಲೆ, ಆಕೆ ಹೂಂ ಅಂದುಬಿಟ್ಟರೆ, ಕೆಳಗೆ ಕೂತವಳನ್ನು ಇಳಿಸಿ, ಕೋಲು ಕೈಗೆ ಕೊಟ್ಟು, ಬಸ್ಸಿಗೆ ಹತ್ತಿಸಬೇಕಾಗುತ್ತದೆ ಎಂದು ನೆನಪಾಗಿ ಕಾಲು ನಿಂತಿತು. ವಾಪಸು ಇಳಿದುಬಿಡೋಣ ಅನಿಸಿತು. ಇಳಿದರೆ ಅಲ್ಲಿ ಆ ಕನ್ನಡಿ. ಗಂಟೆ ಒತ್ತಿದ.

ಆಕೆ ಬಾಗಿಲು ತೆಗೆದಳು. "ಗಾಡಿ ಏನಾದ್ರೂ ಕೈಕೊಡ್ತಾ?"

"ಇಲ್ಲಮ್ಮ. ಗಾಡಿ ಚೆನ್ನಾಗಿದೆ." ಜೋಡಿಸಿಕೊಂಡದ್ದೆಲ್ಲ ಎಲ್ಲಿಗೋ ಹೋಯಿತು. "ನನಗೆ ಗೊತ್ತಿರಲಿಲ್ಲ. ಕೆಳಗೆ ಹೇಳಿದ ಮೇಲೇ ಗೊತ್ತಾಗಿದ್ದು. ಅವತ್ತು ಹಾಗೆ ಕೂಗಬಾರದಿತ್ತು ನಾನು. ಯಜಮಾನ್ರು ಇಲ್ಲ ಅಂತ ಗೊತ್ತಿದ್ರೆ…"

"ಇದ್ರು," ಅಂದಳು ಆಕೆ. "ನೀವು ಬಂದ ದಿನದ ತನಕ ಇದ್ರು."

ಆಕೆ ಹಿಂದೆ ಸರಿದು ದಾರಿ ಬಿಟ್ಟಳು, ಅವನು ಒಳಗೆ ಹೋದ. ಅದೇ ಕುರ್ಚಿ, ಅದೇ ಮೇಜು. ಒಳಗಿನ ಕೋಣೆಯ ಬಾಗಿಲು ಈಗ ಹಾರುಹೊಡೆದಿತ್ತು. ಒಳಗೊಂದು ಮಂಚ, ಮಡಿಕೆಯಿಲ್ಲದೆ ಹಾಸಿದ ಹೊದಿಕೆ, ಕಿಟಕಿಯ ಕಟ್ಟೆಯ ಮೇಲೆ ಮಡಿಸಿಟ್ಟ ಒಂದು ಕನ್ನಡಕ.

"ಯಾರಿಗೂ ಹೇಳಿಲ್ಲ ನಾನು," ಆಕೆ ಮೆಲ್ಲಗೆ, ತರಕಾರಿಯ ರೇಟು ಹೇಳುವಷ್ಟು ಸಹಜವಾಗಿ ಅಂದಳು. "ಹೇಳಿದ್ರೆ ತಲೆ ಕೆಟ್ಟಿದೆ ಅಂತಾರೆ. ಒಳಗೆ ಹೋಗಿ ಕೇಳಿದ್ರೆ ಹೂಂ ಅಂತಿದ್ರು, ಅವರಿಗೆ ಬೇಡವಾದ್ರೆ ಸುಮ್ಮನಿರ್ತಿದ್ರು. ನನಗೆ ಅಷ್ಟು ಸಾಕಾಗಿತ್ತು. ಗಾಡಿ ಮಾರು ಅಂದಿದ್ದೂ ಅವರೇ, ಸುಮ್ಮನೆ ನಿಂತು ಹಾಳಾಗುತ್ತೆ ಅಂತ. ಅವತ್ತು ನೀವು ಕೂಗಿದ್ರಿ ನೋಡಿ. ನಾನು ಅಲ್ಲೇ ಮಂಚದ ಪಕ್ಕ ನಿಂತಿದ್ದೆ. ತಿರುಗಿ ನೋಡಿದ್ರೆ ಯಾರೂ ಇಲ್ಲ. ಬರೀ ಹಾಸಿಗೆ. ಮರ್ಯಾದಸ್ಥರು ಅವರು, ಯಾರ ಹತ್ರವೂ ಒಂದು ಮಾತು ಅನ್ನಿಸಿಕೊಂಡವರಲ್ಲ. ಎದ್ದು ಹೋಗಿಬಿಟ್ಟಿದ್ರು."

"ಒಪ್ಪಿದ್ರು ಅಂದ್ರಲ್ಲಮ್ಮ ನೀವು?"

"ಸುಳ್ಳು ಹೇಳಿದೆ. ನೀವು ಬೇಗ ಹೊರಟು ಹೋಗಲಿ ಅಂತ."

ಕೆಳಗಿನಿಂದ ಹಾರ್ನ್ ಕೇಳಿಸಿತು. ಹೆಂಡತಿ ಕೈ ಚಾಚಿ ಒತ್ತಿರಬೇಕು. ಸಣ್ಣಗೆ, ಸಂಕೋಚದಿಂದ ಒಂದು ಸಲ. ಆ ಸದ್ದಿಗೆ ಆಕೆ ಕತ್ತೆತ್ತಿದಳು. ಆ ಹಾರ್ನ್ ಆಕೆಗೆ ಎಷ್ಟು ಪರಿಚಯದ್ದೆಂದು ಮುಖ ನೋಡಿದರೇ ತಿಳಿಯುತ್ತಿತ್ತು. ಅವನಿಗೆ ತಡೆಯಲಾಗಲಿಲ್ಲ.

"ಗಾಡಿ ಇಲ್ಲೇ ಬಿಟ್ಟು ಹೋಗ್ಲಾಮ್ಮ?" ಅಂದ. ಅನ್ನುತ್ತಿದ್ದಂತೆಯೇ, ಬೇಡ ಅನ್ನಲಿ, ಬೇಡ ಅನ್ನಲಿ ಎಂದು ಒಳಗೆ ಜೀವ ಬಡಿದುಕೊಳ್ಳುತ್ತಿತ್ತು.

"ಗಾಡಿ ಕಟ್ಕೊಂಡು ನಾನೇನು ಮಾಡ್ಲಿ?"

ಅವನಿಗೆ ಆದದ್ದು ಸಮಾಧಾನವೇ. ಆ ಸಮಾಧಾನಕ್ಕೆ ಅವನು ನಾಚಿದ, ನಾಚಿದರೂ ಅದು ಹೋಗಲಿಲ್ಲ. ಆಕೆ ಹೋಗಿ ಮುಂಬಾಗಿಲನ್ನು ಪೂರ್ತಿ ತೆರೆದು, ಅದು ಮುಚ್ಚಿಕೊಳ್ಳದಂತೆ ಕುರ್ಚಿಯೊಂದನ್ನು ಎಳೆದು ಅಡ್ಡ ಇಟ್ಟಳು. ಹೊರಗಿನ ಮೆಟ್ಟಿಲು, ಎದುರು ಮನೆಯ ಮುಚ್ಚಿದ ಬಾಗಿಲು ಕಾಣಿಸಿದವು.

"ಕರೀರಿ," ಅಂದಳು.

"ಯಾರನ್ನ?"

"ನಾನು ಕರೆದು ನೋಡಿದೆ. ಈ ವಾರವೆಲ್ಲ ಕರೆದಿದೀನಿ. ನನ್ನ ಮಾತಿಗೆ ಬರ್ತಿಲ್ಲ. ಅನ್ನಿಸಿಕೊಂಡು ಹೋದವರು, ಅಂದವರೇ ಕರೆದ್ರೆ ಬರ್ತಾರೇನೋ."

ಮತ್ತೆ ಹಾರ್ನ್. ಕೆಳಗೆ ಯಾರೋ, ಕಾವಲುಗಾರನೇ ಇರಬೇಕು, ಹೆಂಡತಿಯೊಡನೆ ಮಾತಾಡುವುದು ಕೇಳಿಸುತ್ತಿತ್ತು. ಅವನು ಬಾಗಿಲ ಬಳಿ ಹೋಗಿ ನಿಂತ. ಜೀವಮಾನದಲ್ಲಿ ದನಿಯೆತ್ತಿದ್ದು ಅದೊಂದೇ ಸಲ. ಆ ದನಿ ಎಲ್ಲಿಂದ ಬಂದಿತ್ತೋ ಈಗ ಹುಡುಕಿದರೂ ಸಿಗುತ್ತಿರಲಿಲ್ಲ. ಎದುರು ಮನೆಯವರು ಕೇಳಿಸಿಕೊಂಡರೆ? ಹೆಂಡತಿಗೆ ಕೇಳಿಸಿದರೆ?

"ಯಜಮಾನ್ರೇ," ಅಂದ. "ತಪ್ಪಾಯ್ತು. ಒಳಗೆ ಬನ್ನಿ."

ಆಕೆ ಕತ್ತು ಮುಂದೆ ಚಾಚಿ ಮೆಟ್ಟಿಲಿನತ್ತ ಕಿವಿಗೊಟ್ಟಳು. ಕೆಳಗಿನ ಮಾತು ನಿಂತಿತ್ತು. ಯಾವ ಸದ್ದೂ ಬರಲಿಲ್ಲ. ಅವಸರವಿಲ್ಲದೆ ಅವನ ಕಡೆ ತಿರುಗಿದಳು.

"ಅವತ್ತು ಇಷ್ಟು ಮೆಲ್ಲಗೆ ಕೂಗಿರಲಿಲ್ಲ ನೀವು," ಅಂದಳು.

ಅವನು ಎದೆ ತುಂಬ ಉಸಿರೆಳೆದುಕೊಂಡು, ಇಡೀ ಕಟ್ಟಡಕ್ಕೆ ಕೇಳುವಂತೆ ಮತ್ತೆ ಕರೆದ.